ಚೀಲ ಕಳಿಸುವ ಮುಂಚೆ ಒಂದು ಫೋನ್

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: "ಕಳೆದ ಮಳೆಗಾಲದಲ್ಲಿ ಪ್ರವಾಹ ಬಂದಾಗ ನಮ್ಮ ಸ್ತ್ರೀಶಕ್ತಿ ಸಂಘದವರು ಮನೆಮನೆಗೆ ಹೋಗಿ ಬಟ್ಟೆ, ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ ಕೂಡಿಸಿ ಒಂದು 407 ಗಾಡಿ ತುಂಬ ಕಳಿಸಿದೆವು. ಗಂಜಿ ಕೇಂದ್ರದ ಬಾಗಿಲಲ್ಲಿ ಅಧಿಕಾರಿಯೊಬ್ಬರು ಬಟ್ಟೆ ಬೇಡ ಎಂದು ಅರ್ಧ ಗಾಡಿ ವಾಪಸ್ ಕಳಿಸಿದರು. ಉಳಿದದ್ದು ಯಾರಿಗೆ ಹೋಯಿತೋ ಗೊತ್ತಿಲ್ಲ. ಬಡವರು ಕೊಟ್ಟಿದ್ದಕ್ಕೆ ಬೆಲೆಯೇ ಇಲ್ಲವಾ? ವಾಪಸ್ ಬಂದ ಚೀಲಗಳು ಇನ್ನೂ ಸಮುದಾಯ ಭವನದಲ್ಲಿವೆ. ಏನು ಮಾಡೋಣ ಹೇಳಿ."

ನಮಸ್ಕಾರ. ನಿಮ್ಮ ಪತ್ರ ಓದಿ ಬೇಜಾರಾಯಿತು. ಮನೆಯ ಡಬ್ಬಿಯಿಂದ ಅಕ್ಕಿ ಅಳೆದು ಕೊಟ್ಟವರು ಬಾಗಿಲಲ್ಲೇ ಬೇಡ ಅನ್ನಿಸಿಕೊಳ್ಳುವುದು ಸಣ್ಣ ನೋವಲ್ಲ. ಆ ಅಧಿಕಾರಿ ಎರಡು ಒಳ್ಳೆ ಮಾತಾಡಿ ಕಾರಣ ಹೇಳಬಹುದಿತ್ತು. ಆದರೆ ಬಟ್ಟೆ ಬೇಡ ಅಂದಿದ್ದು ಸರಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಂಜಿ ಕೇಂದ್ರ ಅಂದರೆ ಸಾಮಾನ್ಯವಾಗಿ ಒಂದು ಸರ್ಕಾರಿ ಶಾಲೆ. ಸಾಮಾನಿಗೆ ಒಂದೋ ಎರಡೋ ಕೋಣೆ. ಲೆಕ್ಕ ಬರೆಯಲು ಗ್ರಾಮ ಆಡಳಿತ ಅಧಿಕಾರಿ, ಜೊತೆಗೆ ಒಂದಿಬ್ಬರು ಮೇಷ್ಟ್ರು. ಹೊರಗೆ ಮಳೆ. ಅಲ್ಲಿಗೆ ಒಂದು ಚೀಲ ಬಂತು ಅಂದುಕೊಳ್ಳಿ. ಮೇಲೆ ಏನೂ ಬರೆದಿಲ್ಲ. ಬಿಚ್ಚಿದರೆ ಎರಡು ಸೀರೆ, ಮಗುವಿನ ಸ್ವೆಟರ್, ಜೋಡಿಯಿಲ್ಲದ ಚಪ್ಪಲಿ, ನಡುವೆ ಬಿಸ್ಕತ್ತು, ಅದರ ಪಕ್ಕದಲ್ಲೇ ಫಿನಾಯಿಲ್ ಬಾಟಲಿ. ಮುಚ್ಚಳ ಸಡಿಲಾಗಿ ಫಿನಾಯಿಲ್ ಸೋರಿದೆ. ಬಿಸ್ಕತ್ತು ಎಸೆಯಬೇಕು, ಸೀರೆ ಒಗೆಯಬೇಕು. ಕುಡಿಯುವ ನೀರಿಗೇ ತತ್ವಾರ ಇರುವಾಗ ಒಗೆಯುವುದೆಲ್ಲಿ? ಇಂಥ ಚೀಲ ನೂರಾರು ಬರುತ್ತವೆ. ಒಂದೊಂದನ್ನೂ ಬಿಚ್ಚಿ, ಆರಿಸಿ, ಅಳತೆ ನೋಡಿ ಬೇರೆ ಮಾಡಬೇಕು. ಊಟ, ಔಷಧಿ ನೋಡಿಕೊಳ್ಳಬೇಕಾದ ಅದೇ ನಾಲ್ಕು ಜನ ಇದಕ್ಕೂ ನಿಲ್ಲಬೇಕು. ಕೋಣೆ ತುಂಬಿದ ಮೇಲೆ ಬಟ್ಟೆ ಜಗಲಿಗೆ ಬರುತ್ತದೆ, ಜಗಲಿಯಿಂದ ಅಂಗಳಕ್ಕೆ. ಅಲ್ಲಿ ನೆನೆದು ಕೊಳೆಯುತ್ತದೆ. 2004ರ ಡಿಸೆಂಬರ್ ಸುನಾಮಿಯ ನಂತರ ನಾಗಪಟ್ಟಿಣಂ ಕಡೆ ರಸ್ತೆ ಬದಿಯಲ್ಲಿ ಹಳೆ ಬಟ್ಟೆ ಹೀಗೇ ರಾಶಿ ಬಿದ್ದಿತ್ತು. ಮನೆಮಠ ಕಳಕೊಂಡವರಿಗೂ ಮರ್ಯಾದೆ ಇದೆ, ಅಲ್ವಾ? ಯಾರೋ ಉಟ್ಟು ಬಿಟ್ಟದ್ದನ್ನು ಉಡಲು ಬಹಳ ಜನ ಒಪ್ಪಲಿಲ್ಲ.

ಬಟ್ಟೆಯದು ಮಾತ್ರ ಈ ಕಥೆ ಅಲ್ಲ. 1988ರ ಡಿಸೆಂಬರ್‌ನಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾಯಿತು. ಆಗ ಅದು ಸೋವಿಯತ್ ಒಕ್ಕೂಟದಲ್ಲಿತ್ತು. ಪ್ರಪಂಚವೆಲ್ಲ ಮರುಗಿ ಸುಮಾರು 5,000 ಟನ್ ಔಷಧಿ, ಆಸ್ಪತ್ರೆ ಸಾಮಾನು ಕಳಿಸಿತು. ಏನೇನು ಬಂದಿದೆ ಅಂತ ತಿಳಿಯಲಿಕ್ಕೇ 50 ಜನ ಆರು ತಿಂಗಳು ಕೂರಬೇಕಾಯಿತು. ಶೇ. 8ರಷ್ಟು ಅವಧಿ ಮುಗಿದ ಮಾಲು. ಶೇ. 4ರಷ್ಟು ಚಳಿಗೆ ಹೆಪ್ಪುಗಟ್ಟಿ ಹಾಳಾಗಿತ್ತು. ಉಳಿದದ್ದರಲ್ಲಿ ಸುಲಭವಾಗಿ ಗುರುತು ಸಿಕ್ಕಿದ್ದು ಶೇ. 30 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ನಿಯಮ ಬರೆದಾಗ ಇಂಥ ಅನುಭವಗಳೇ ಎದುರಿಗಿದ್ದವು. ಬೇಕು ಅಂದಿದ್ದನ್ನೇ ಕಳಿಸಿ, ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಇರಲಿ, ಅಲ್ಲಿನ ಡಾಕ್ಟರಿಗೆ ಅರ್ಥವಾಗುವ ಭಾಷೆಯಲ್ಲಿ ಹೆಸರಿರಲಿ ಅನ್ನುತ್ತವೆ ಆ ನಿಯಮಗಳು.

ದಾರಿಯದು ಇನ್ನೂ ದೊಡ್ಡ ಕಷ್ಟ. ಸಾಮಾನು ಎಲ್ಲಿಂದಾದರೂ ಹುಟ್ಟುತ್ತದೆ, ದಾರಿ ಹುಟ್ಟುವುದಿಲ್ಲ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿದಾಗ ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇದ್ದಿದ್ದು ಒಂದೇ ರನ್‌ವೇ. ಎಲ್ಲ ದೇಶದ ವಿಮಾನಗಳೂ ಅಲ್ಲೇ ಇಳಿಯಬೇಕು. ರನ್‌ವೇಗೆ ಏಟು ಬಿದ್ದು ಕೆಲವೇ ದಿನಗಳಲ್ಲಿ ದೊಡ್ಡ ವಿಮಾನಗಳನ್ನು ನಿಲ್ಲಿಸಿದರು. ಪುಣ್ಯಕ್ಕೆ ಒಂದು ತಿಂಗಳ ಹಿಂದಷ್ಟೇ ವಿಶ್ವ ಆಹಾರ ಕಾರ್ಯಕ್ರಮದವರು ನಿಲ್ದಾಣದ ಪಕ್ಕದಲ್ಲಿ ಸಾಮಾನು ಇಳಿಸಿ ವಿಂಗಡಿಸಲು ಜಾಗ ಮಾಡಿಟ್ಟಿದ್ದರು. ಅಲ್ಲಿಂದ ಮುಂದೆ ಬೆಟ್ಟದ ಮೇಲಿನ ಎಷ್ಟೋ ಊರುಗಳಿಗೆ ಲಾರಿ ಹೋಗದು. ಚಾರಣಿಗರ ಮೂಟೆ ಹೊರುತ್ತಿದ್ದ ಸಾವಿರಾರು ಹಮಾಲರು, ಹೇಸರಗತ್ತೆಗಳ ಜೊತೆ, ಅಕ್ಕಿ, ತಗಡು ಹೊತ್ತು ಸಾಗಿಸಿದರು. ಪ್ರವಾಸಿಗರಿಲ್ಲದೆ ಕೆಲಸ ಹೋಗಿದ್ದ ಅವರಿಗೆ ಕೂಲಿಯೂ ಸಿಕ್ಕಿತು. ಅಂಥ ಕಾಲುದಾರಿಯಲ್ಲಿ ಒಬ್ಬ ಬೇಡದ ಕೋಟು ಹೊತ್ತು ಹತ್ತಿದರೆ, ಬೇಕಾದ ತಾಡಪತ್ರಿ ಕೆಳಗೇ ಉಳಿಯುತ್ತದೆ.

ನಮ್ಮ ಪಕ್ಕದ ವಯನಾಡಿನಲ್ಲೂ ನೋಡಿದೆವು. 2024ರ ಜುಲೈ 30ರ ಭೂಕುಸಿತದಲ್ಲಿ ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಮುಂಡಕೈ ಕಡೆಗೆ ವಾಹನದ ದಾರಿಯೇ ಇಲ್ಲವಾಯಿತು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಮಳೆಯಲ್ಲೇ ರಾತ್ರಿ ಹಗಲು ದುಡಿದು ಆಗಸ್ಟ್ 1ರ ಸಂಜೆಗೆ 190 ಅಡಿ ಉದ್ದದ ಬೈಲಿ ಸೇತುವೆ, ಅಂದರೆ ಉಕ್ಕಿನ ಬಿಡಿಭಾಗ ಜೋಡಿಸಿ ಬೇಗ ಕಟ್ಟುವ ಸೇತುವೆ, ನಿಲ್ಲಿಸಿದರು. 24 ಟನ್ ತಡೆಯುವ ಸೇತುವೆ. ದೊಡ್ಡ ಯಂತ್ರಗಳು, ಆಂಬುಲೆನ್ಸ್‌ಗಳು ಸರಾಗವಾಗಿ ಆಚೆ ದಾಟಿದ್ದು ಆಮೇಲೆಯೇ.

ಇನ್ನು ನೀರಿನ ಬಾಟಲಿ. ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು ಅನ್ನುತ್ತದೆ ಪರಿಹಾರ ಕೆಲಸಕ್ಕೆ ಪ್ರಪಂಚದ ಹಲವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡ. 500 ಜನರ ಕೇಂದ್ರಕ್ಕೆ 7,500 ಲೀಟರ್ ಆಯಿತು. ಅದನ್ನು ಬಾಟಲಿಯಲ್ಲಿ ಹೊತ್ತು ಪೂರೈಸಲು ಆಗುತ್ತದಾ? ಟ್ಯಾಂಕರ್, ಕ್ಲೋರಿನ್ ಮಾತ್ರೆಯೇ ಗತಿ.

ಹಾಗಂತ ತಪ್ಪೆಲ್ಲ ಕೊಡುವವರದು ಅಂತ ನಾನು ಖಂಡಿತ ಹೇಳಲ್ಲ. ಏನು ಬೇಕು, ಏನು ಬೇಡ, ಎಲ್ಲಿಗೆ ತರಬೇಕು ಅಂತ ಜಿಲ್ಲಾಡಳಿತ ಮೊದಲ ದಿನವೇ ಪಟ್ಟಿ ಹೊರಡಿಸಬೇಕು. ಎರಡು ದಿನಕ್ಕೊಮ್ಮೆ ಅದನ್ನು ಬದಲಿಸಬೇಕು. ಮೊದಮೊದಲು ಬಿಸಿ ಊಟ, ನೀರು, ಟಾರ್ಚ್. ವಾರದ ಹೊತ್ತಿಗೆ ಸೊಳ್ಳೆಪರದೆ, ಪ್ಯಾಡು, ಹೊಸ ಒಳಬಟ್ಟೆ. ನೀರಿಳಿದು ಜನ ಮನೆಗೆ ಹೊರಟಾಗ ಸಲಿಕೆ, ಬ್ಲೀಚಿಂಗ್ ಪೌಡರ್, ಪಾತ್ರೆ, ದನಕ್ಕೆ ಮೇವು. ಆ ಹೊತ್ತಿಗೆ ದಾನದ ಗಾಡಿಗಳು ನಿಂತೇ ಹೋಗಿರುತ್ತವೆ. ನಿಮ್ಮ ಅಕ್ಕಿಗೆ ಒಂದು ರಸೀದಿ ಕೊಟ್ಟು, ಯಾವ ಊರಿಗೆ ಹೋಯಿತು ಅಂತ ತಿಳಿಸುವುದು ಕಷ್ಟದ ಕೆಲಸವೇನಲ್ಲ. ಈ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು.

ದುಡ್ಡು ಕಳಿಸಿ ಅಂದರೆ ಜನ ಹಿಂದೆಮುಂದೆ ನೋಡುತ್ತಾರೆ, ಗೊತ್ತು. ಆದರೆ ಮುಳುಗಿದ ಊರಿಂದ ಸ್ವಲ್ಪ ದೂರದ ಪೇಟೆಯಲ್ಲಿ ಅಂಗಡಿಗಳು ತೆರೆದೇ ಇರುತ್ತವೆ. ನಿಮ್ಮ ಗಾಡಿಯ ಬಾಡಿಗೆ, ಡೀಸೆಲ್ ದುಡ್ಡಿನಲ್ಲೇ ಅಲ್ಲಿ ಎಷ್ಟೋ ಸಾಮಾನು ಬರುತ್ತದೆ. ಅಲ್ಲಿನ ವ್ಯಾಪಾರಿಗೂ ನಾಲ್ಕು ಕಾಸು ಸಿಗುತ್ತದೆ.

ಈಗ ಸಮುದಾಯ ಭವನದ ಚೀಲಗಳು. ಗಟ್ಟಿಯಿರುವ ನೂಲಿನ ಸೀರೆಗಳನ್ನು ಬೇರೆ ತೆಗೆದು ಒಗೆದಿಡಿ. ಅವನ್ನು ಪದರ ಪದರವಾಗಿ ಸೇರಿಸಿ ಹೊದೆಯಲು ಕೌದಿ ಹೊಲಿಸಿ. ನಿಮ್ಮ ಕಡೆ ಕೌದಿ ಹೊಲಿಯುವ ಕೈಗಳಿಗೆ ಬರವಿಲ್ಲ. ಊರಿನ ಅಂಗನವಾಡಿಗೇ ಮೊದಲು ನಾಲ್ಕು ಕೌದಿ ಕೊಡಿ. ಮಳೆಗಾಲಕ್ಕೆ ಮುಂಚೆ ತಹಶೀಲ್ದಾರ್ ಕಚೇರಿಗೆ ಹೋಗಿ ಸಂಘದ ಹೆಸರು, ಫೋನ್ ನಂಬರ್ ಬರೆಸಿ. ಚೀಲ ಆರಿಸಲು, ಅಡುಗೆಗೆ ಇಷ್ಟು ಜನ ಬರುತ್ತೇವೆ ಅಂತ ಹೇಳಿ. ಮುಂದಿನ ಸಲ ಏನಾದರೂ ಕೂಡಿಸುವ ಮೊದಲು ಪ್ರವಾಹ ಬಂದ ಜಿಲ್ಲೆಯ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೇಳಿ. ನಿಮ್ಮದೇ ಜಿಲ್ಲೆಯಾದರೆ 1077. ಒಂದು ಚೀಲಕ್ಕೆ ಒಂದೇ ಬಗೆಯ ಸಾಮಾನು ಹಾಕಿ. ಏನು, ಎಷ್ಟು, ಯಾವ ಅಳತೆ ಅಂತ ದಪ್ಪ ಮಾರ್ಕರ್‌ನಲ್ಲಿ ಚೀಲದ ಎರಡೂ ಬದಿ ಬರೆಯಿರಿ. ಪೇರಿಸಿಟ್ಟಾಗ ಒಂದು ಬದಿ ಗೋಡೆಗೆ ತಿರುಗಿರುತ್ತದೆ.

— ಸಂ.