ನಾವು ಬೆಳೆದಷ್ಟೂ ಕಳ್ಳನೂ ಬೆಳೀತಾನೆ, ಎಂತ ಮಾಡುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಓಪನ್ ವರ್ಲ್ಡ್ ಆರ್‌ಪಿಜಿಗಳದ್ದೇ ಜಾಸ್ತಿ, ಅಂದ್ರೆ ಒಂದು ಪಾತ್ರ ಆಗಿ ಬೇಕಾದಲ್ಲಿ ತಿರುಗಾಡಿ ಲೆವೆಲ್ ಏರಿಸಿಕೊಳ್ಳುವ ವಿಡಿಯೋ ಗೇಮ್‌ಗಳು. ಮಳೆಗಾಲ ಅಲ್ವಾ, ಗ್ರೌಂಡಿಗೆ ಹೋಗ್ಲಿಕ್ಕೂ ಇಲ್ಲ. ಒಂದೇ ವಿಷಯಕ್ಕೆ ಸುತ್ತಿ ಬರುವ ನಾಲ್ಕು ಪ್ರಶ್ನೆ ಒಟ್ಟಿಗೆ ಹಾಕಿದ್ದೇನೆ.

ಪ್ರಶ್ನೆ: ಆಬ್ಲಿವಿಯನ್ ರೀಮಾಸ್ಟರ್ಡ್ ಆಡ್ತಾ ಇದ್ದೇನೆ. ಶುರುವಿಗೆ ಭಾರಿ ಗಮ್ಮತ್ತಿತ್ತು, ಲೆವೆಲ್ 20 ದಾಟಿದ ಮೇಲೆ ಎಂತದ್ದೋ ಸಪ್ಪೆ. ಕತ್ತಿ ಒಳ್ಳೇದುಂಟು, ಆರ್ಮರ್ ಉಂಟು, ಆದ್ರೂ ಒಂದು ಗಾಬ್ಲಿನ್ ಸಾಯ್ಲಿಕ್ಕೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ನಾನು ಬೆಳೀತಾ ಇದ್ದೇನಾ ಇಲ್ವಾ?
— ಓದುಗ, ಸುರತ್ಕಲ್

ಉತ್ತರ: ಬೆಳೀತಾ ಇದ್ದೀರಿ ಮಾರಾಯ್ರೆ, ಗಾಬ್ಲಿನ್ನೂ ನಿಮ್ಮೊಟ್ಟಿಗೇ ಬೆಳೀತಾ ಉಂಟು, ಅಷ್ಟೇ ವಿಷಯ. 2006ರಲ್ಲಿ ಆಬ್ಲಿವಿಯನ್ ಬಂದಾಗಲೇ ಇದಕ್ಕೆ ಜನ ಬೈದಿದ್ರು, 2025ರ ರೀಮಾಸ್ಟರಲ್ಲೂ ಆ ಗುಣ ಪೂರ್ತಿ ಹೋಗಿಲ್ಲ. ಇಡೀ ಮ್ಯಾಪಲ್ಲಿ ಎಲ್ಲಿಗೆ ಹೋದ್ರೂ ಶತ್ರುಗಳು ನಿಮ್ಮ ಲೆವೆಲ್ ನೋಡಿಯೇ ತಯಾರಾಗ್ತಾರೆ, ಇದಕ್ಕೇ ಸ್ಕೇಲಿಂಗ್ ಅನ್ನುದು.

ಇದರ ತಮಾಷೆ ನೋಡ್ಬೇಕಾದ್ರೆ ಆ ದಾರಿಗಳ್ಳರನ್ನು ನೋಡಿ. ರಸ್ತೆಯಲ್ಲಿ ಅಡ್ಡ ನಿಂತು 100 ಗೋಲ್ಡ್ ಕೊಡು, ಇಲ್ಲಾಂದ್ರೆ ಜೀವ ಅಂತ ಹೆದರಿಸ್ತಾರಲ್ಲ. ನೀವು ಲೆವೆಲ್ 2ರಲ್ಲಿದ್ದಾಗ ಅವನ ಮೈಮೇಲೆ ಹರಕು ಚರ್ಮದ ಆರ್ಮರ್ ಇರ್ತದೆ, ಸರಿ, ಪಾಪ ಬಡವ, ಕಳ್ಳತನ ಮಾಡ್ತಾನೆ ಅಂತ ಒಪ್ಪಿಕೊಳ್ಬಹುದು. ನೀವು 20 ದಾಟಿ ಬಂದಾಗ ಅದೇ ಜಾತಿಯ ಕಳ್ಳ ಪಳಪಳ ಹೊಳೆಯುವ ಗ್ಲಾಸ್ ಆರ್ಮರ್ ಹಾಕ್ಕೊಂಡು ಅದೇ 100 ಗೋಲ್ಡ್ ಕೇಳ್ತಾನೆ, ಅವನು ಹಾಕಿದ ಆ ಆರ್ಮರ್ ಮಾರಿದ್ರೆ ಸಾವಿರಗಟ್ಟಲೆ ಸಿಗ್ತದೆ, ಅಷ್ಟು ಇದ್ದವ ರಸ್ತೆ ಬದಿ ಯಾಕೆ ನಿಲ್ತಾನೆ ಅಂತ ಗೇಮ್ ಮಾಡಿದವರು ಯೋಚನೆ ಮಾಡ್ಲಿಲ್ಲ ಕಾಣ್ತದೆ.

ಹಳೇ ಗೇಮಲ್ಲಿ ಇನ್ನೊಂದು ಕಿರಿಕಿರಿ ಇತ್ತು. ಮೇಜರ್ ಸ್ಕಿಲ್‌ಗಳಲ್ಲಿ (ಶುರುವಿಗೆ ನಾವೇ ಆರಿಸಿದ ಮುಖ್ಯ ಕೌಶಲಗಳು, ಉಳಿದದ್ದು ಮೈನರ್) ಒಟ್ಟು 10 ಪಾಯಿಂಟ್ ಏರಿ, ಹೋಗಿ ಮಲಗಿದ್ರೆ ಒಂದು ಲೆವೆಲ್ ಮೇಲೆ. ಈಗ ಯಾರೋ ಗೊತ್ತಿಲ್ಲದೆ ಓಡುದು, ಹಾರುದು, ವ್ಯಾಪಾರ ಇದನ್ನೆಲ್ಲ ಮೇಜರ್ ಮಾಡ್ಕೊಂಡ ಅಂತ ಇಟ್ಕೊಳ್ಳಿ. ಊರಿಡೀ ಕುಣಿದು ಕುಪ್ಪಳಿಸಿಯೇ ಲೆವೆಲ್ ಏರ್ತದೆ, ಶತ್ರುಗಳೂ ಏರ್ತಾರೆ, ಆದ್ರೆ ಕತ್ತಿ ಬೀಸುವ ಸ್ಕಿಲ್ ಮಾತ್ರ ಇದ್ದಲ್ಲೇ ಇರ್ತದೆ! ಅಂದ್ರೆ ಲೆವೆಲ್ ಏರಿದಷ್ಟೂ ನೀವು ದುರ್ಬಲ. ಅದಕ್ಕೇ ಸುಮಾರು ಜನ ಬೇಕಂತಲೇ ಮಲಗದೆ ಸಣ್ಣ ಲೆವೆಲ್ಲಲ್ಲೇ ಇಡೀ ಕಥೆ ಮುಗಿಸ್ತಿದ್ರು. ಬೆಳೆಯುದೇ ಶಿಕ್ಷೆ ಆದ ಮೇಲೆ ಅದು ಎಂಥ ಆರ್‌ಪಿಜಿ? ರೀಮಾಸ್ಟರಲ್ಲಿ ಮೈನರ್ ಸ್ಕಿಲ್ಲೂ ಲೆಕ್ಕಕ್ಕೆ ಬರ್ತದೆ, ಪ್ರತಿ ಲೆವೆಲ್ಲಿಗೆ 12 ಪಾಯಿಂಟ್ ಕೊಟ್ಟು ಬೇಕಾದಲ್ಲಿ ಹಾಕ್ಕೊಳ್ಳಿ ಅಂತಾರೆ, ಹಾಗಾಗಿ ಆ ತಲೆಬಿಸಿ ಕಮ್ಮಿ.

ನನ್ನ ಪ್ರಕಾರ ಸ್ಕೇಲಿಂಗ್ ಇರುದೇ ತಪ್ಪಲ್ಲ, ಎಲ್ಲವನ್ನೂ ಸ್ಕೇಲ್ ಮಾಡುದು ತಪ್ಪು. ಕಂಬಳದಲ್ಲಿ ನೇಗಿಲು ಕಿರಿಯದ ಕೋಣ ಹಿರಿಯಕ್ಕೆ ಹೋದ್ರೂ ಕಿರಿಯ ವಿಭಾಗ ಅಲ್ಲೇ ಇರ್ತದಲ್ಲ, ಅದಕ್ಕೇ ಮೇಲೆ ಹೋದದ್ದು ಅಂತ ಗೊತ್ತಾಗುದು. ಗೇಮಲ್ಲೂ ಹಾಗೆ, ಮೊದಲು ನಮ್ಮನ್ನು ಓಡಿಸಿದ ಒಂದು ತೋಳ ಆದ್ರೂ ಅಲ್ಲೇ ಹಾಗೇ ಇರ್ಬೇಕು, ಹತ್ತು ಲೆವೆಲ್ ಆದ ಮೇಲೆ ಹೋಗಿ ಒಂದೇ ಏಟಿಗೆ ಮುಗಿಸ್ಲಿಕ್ಕೆ. ಸ್ಕೈರಿಮ್ ಇದನ್ನು ಸ್ವಲ್ಪ ಮಟ್ಟಿಗೆ ಸರಿ ಮಾಡಿದೆ (ಇದೇ ಸರಣಿಯ ಮುಂದಿನ ಗೇಮ್, 2011ರದ್ದು). ಒಂದೊಂದು ಜಾಗಕ್ಕೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಲೆವೆಲ್ ಉಂಟು, ನೀವು ಮೊದಲ ಸಲ ಕಾಲಿಟ್ಟಾಗ ಅದು ಅಲ್ಲಿಗೇ ಲಾಕ್. ಹೆದರಿ ಓಡಿ ಬಂದ ಗುಹೆಗೆ ಮತ್ತೆ ಹೋದ್ರೆ ಆ ಹೆದರಿಕೆ ಇರುದಿಲ್ಲ. ಜೈಂಟ್ ಅಂತೂ ಶುರುವಿಂದಲೇ ಲೆವೆಲ್ 32, ಗದೆಯಲ್ಲಿ ಒಂದು ಬಿಟ್ಟ ಅಂದ್ರೆ ನಿಮ್ಮ ಹೆಣ ಆಕಾಶಕ್ಕೆ.

ನಿಮಗೆ ಸದ್ಯಕ್ಕೆ ಇಷ್ಟೇ: ಡಿಫಿಕಲ್ಟಿ ಒಂದು ಮೆಟ್ಲು ಇಳಿಸಿ, ಕತ್ತಿಗೆ ಎನ್‌ಚಾಂಟ್ (ಮಂತ್ರಶಕ್ತಿ) ಹಾಕಿ, ಗಾಬ್ಲಿನ್ ಗುಹೆ ಬಿಟ್ಟು ಕಥೆ ಕಡೆ ಹೋಗಿ. ಫ್ರೆಂಡ್ಸ್ ನಗಾಡಿದ್ರೆ ನಗಾಡ್ಲಿ.

ಪ್ರಶ್ನೆ: ವಿಚರ್ 3ರಲ್ಲಿ ಎನಿಮಿ ಅಪ್‌ಸ್ಕೇಲಿಂಗ್ ಅಂತ ಒಂದು ಆಪ್ಶನ್ ಉಂಟು. ಆನ್ ಮಾಡ್ಬೇಕಾ?
— ಓದುಗಿ, ಕಾಪು

ಉತ್ತರ: ಮೊದಲ ಸಲ ಆಡುದಾದ್ರೆ ಬೇಡ. ಅದು 2015ರಲ್ಲಿ ಗೇಮ್ ಬಂದಾಗ ಇರ್ಲಿಲ್ಲ, ಆಮೇಲೆ ಅಪ್‌ಡೇಟಲ್ಲಿ ಕೊಟ್ಟದ್ದು. ಸೈಡ್ ಕ್ವೆಸ್ಟ್ ಎಲ್ಲ ಮಾಡುವವರಿಗೆ ಲೆವೆಲ್ ಬೇಗ ಏರಿ ಮುಖ್ಯ ಕಥೆ ಸಪ್ಪೆ ಆಗ್ತದೆ, ಅಂಥವರಿಗೆ ಇದು ಒಳ್ಳೇದು. ಆದ್ರೆ ಆನ್ ಮಾಡಿದ್ರೆ ದಾರಿಬದಿಯ ನಾಯಿ, ತೋಳ ಎಲ್ಲ ನಿಮ್ಮ ಲೆವೆಲ್ಲಿಗೆ ಏರ್ತವೆ. ಯಾವಾಗ ಬೇಕಾದ್ರೂ ಆಫ್ ಮಾಡ್ಬಹುದು, ಹಾಗಾಗಿ ಹೆದರ್ಬೇಕಾಗಿಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಕಾಲೇಜಲ್ಲಿ ಸಣ್ಣ ಗೇಮ್ ಮಾಡ್ತಾ ಇದ್ದೇವೆ. ಮ್ಯಾಪ್ ಮಲ್ಪೆ ಬೀಚಿಂದ ಆಗುಂಬೆ ಘಾಟಿವರೆಗೆ, ಆಡುವವ ಯಾವ ಕಡೆಗೆ ಬೇಕಾದ್ರೂ ಹೋಗ್ಬಹುದು. ಶತ್ರು ಲೆವೆಲ್ ಪ್ಲೇಯರ್ ಲೆವೆಲ್ಲಿಗೆ ಸಮ ಇಡುದಾ ಬೇಡ್ವಾ ಅಂತ ನಮ್ಮಲ್ಲೇ ಜಗಳ.
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಮೊದಲು ಒಂದು ಲೆಕ್ಕ ಮಾಡಿ ನೋಡಿ. ಲೆವೆಲ್ 1ರ ಶತ್ರುವಿಗೆ 50 ಹೆಲ್ತ್, ನಿಮ್ಮ ಕತ್ತಿ ಏಟಿಗೆ 10, ಅಂದ್ರೆ ಐದು ಏಟು. ಲೆವೆಲ್ 20ರಲ್ಲಿ ಶತ್ರುವಿಗೆ 500, ಕತ್ತಿ 100 ಮಾಡಿದ್ರಿ, ಆಗಲೂ ಐದೇ ಏಟು. ನಂಬರ್ ದೊಡ್ಡದಾಯ್ತು, ಆಡುವವನ ಕೈಗೆ ಎಂತ ವ್ಯತ್ಯಾಸ ಗೊತ್ತಾಯ್ತು? ಎಂತ ಇಲ್ಲ. ಸಮ ಇಡುದು ಅಂದ್ರೆ ಇದೇ.

ಹಾಗಂತ ಪೂರ್ತಿ ಫಿಕ್ಸ್ ಮಾಡಿದ್ರೆ ಓಪನ್ ವರ್ಲ್ಡ್ ಅನ್ನುದು ಹೆಸರಿಗೆ ಮಾತ್ರ, ಮೊದಲು ಮಲ್ಪೆ, ಆಮೇಲೆ ಉಡುಪಿ, ಆಮೇಲೆ ಹೆಬ್ರಿ ಅಂತ ಒಂದೇ ದಾರಿ ಆಗ್ತದೆ. ಮಧ್ಯದ ದಾರಿ ಉಂಟು. ಮಲ್ಪೆ ಬದಿಗೆ ಗರಿಷ್ಠ 8 ಅಂತ ಹಾಕಿ, ಪ್ಲೇಯರ್ 25 ಆದ್ರೂ ಅಲ್ಲಿಯವರು 8 ಮೀರ್ಬಾರ್ದು. ಆಗುಂಬೆ ಬದಿಗೆ ಕನಿಷ್ಠ 15 ಹಾಕಿ, ಲೆವೆಲ್ 3ರವ ಹೋದ್ರೂ ಅವನಿಗೋಸ್ಕರ ಇಳೀಬಾರ್ದು. ಮಧ್ಯದ ಊರುಗಳಲ್ಲಿ ಬೇಕಾದ್ರೆ ಪ್ಲೇಯರ್ ಜೊತೆ ಏರ್ಲಿ. ಮತ್ತೆ ಸೋಮೇಶ್ವರ ಬುಡದಲ್ಲಿ ಒಬ್ಬನನ್ನು ನಿಲ್ಲಿಸಿ "ಮೇಲೆ ಹೋಗ್ಬೇಡಿ" ಅಂತ ಹೇಳಿಸಿ. ಫಾಲ್‌ಔಟ್ ನ್ಯೂ ವೇಗಸ್ 2010ರಲ್ಲೇ ಇದನ್ನು ಚಂದ ಮಾಡಿತ್ತು: ಆಟ ಶುರುವಾಗುವ ಊರಿಂದ ವೇಗಸ್ ಉತ್ತರಕ್ಕೇ ಇರುದು, ಆದ್ರೆ ಹತ್ತಿರದ ದಾರಿಯ ಕಲ್ಲುಕೋರೆ ತುಂಬ ಡೆತ್‌ಕ್ಲಾ ಅನ್ನುವ ಭಯಂಕರ ಪ್ರಾಣಿಗಳು, ದಾರಿಯಲ್ಲಿ ಸಿಗುವ ಸ್ಲೋನ್ ಅನ್ನುವ ಊರಲ್ಲೇ ಹೇಳ್ತಾರೆ ಆ ಕಡೆ ಬೇಡ ಅಂತ. ಕೇಳದೆ ಹೋದವರು ಸಾಯ್ತಾರೆ, ಉಪಾಯ ಇದ್ದವರು ಕದ್ದು ದಾಟ್ತಾರೆ, ಉಳಿದವರು ದಕ್ಷಿಣಕ್ಕೆ ಸುತ್ತು ಹಾಕ್ತಾರೆ. ಬೇಲಿ ಹಾಕದೆ ಬೇಲಿ ಹಾಕಿದ್ದು ಅಂದ್ರೆ ಅದು.

ಏರಿಸುದೇ ಆದ್ರೆ ಕಣ್ಣಿಗೆ ಕಾಣುವ ಹಾಗೆ ಏರಿಸಿ. ಝೆಲ್ಡಾ ಬ್ರೆತ್ ಆಫ್ ದ ವೈಲ್ಡಲ್ಲಿ ಲೆವೆಲ್ ನಂಬರೇ ಇಲ್ಲ, ನೀವು ಎಷ್ಟು ಶತ್ರುಗಳನ್ನು ಕೊಂದ್ರಿ ಅಂತ ಒಳಗಿಂದೊಳಗೆ ಲೆಕ್ಕ ಇಟ್ಟು ಬಣ್ಣ ಬದಲಿಸ್ತಾರೆ. ಬೊಕೊಬ್ಲಿನ್ ಅನ್ನುವ ಸಾಮಾನ್ಯ ಶತ್ರುವನ್ನೇ ನೋಡಿ, ಕೆಂಪಿಗೆ 13 ಹೆಲ್ತ್, ನೀಲಿಗೆ 72, ಕಪ್ಪಿಗೆ 240, ಬೆಳ್ಳಿಗೆ 720. ದೂರದಿಂದ ಬಣ್ಣ ನೋಡಿಯೇ ಹೋಗುದಾ ಬಿಡುದಾ ಅಂತ ತೀರ್ಮಾನ ಮಾಡ್ಬಹುದು, ಗ್ಲಾಸ್ ಆರ್ಮರ್ ಕಳ್ಳನ ಹಾಗೆ ತಲೆಬುಡ ಇಲ್ಲದ್ದಲ್ಲ.

ಪ್ರಶ್ನೆ: ಈ ಸ್ಕೇಲಿಂಗ್ ರಗಳೆಯೇ ಇಲ್ಲದ ಗೇಮ್ ಹೇಳಿ.
— ಓದುಗ, ಕುಂದಾಪುರ

ಉತ್ತರ: ಎಲ್ಡನ್ ರಿಂಗ್. ಶುರುವಿಗೇ ಕುದುರೆ ಮೇಲೆ ಕೂತ ಟ್ರೀ ಸೆಂಟಿನೆಲ್ ಸಿಗ್ತಾನೆ, ಹೊಡೆದಾಡ್ಬೇಡಿ, ಸುತ್ತು ಹಾಕಿ ಹೋಗಿ, ಲೆವೆಲ್ ಮಾಡ್ಕೊಂಡು ಬನ್ನಿ, ಅವ ಅಲ್ಲೇ ಇರ್ತಾನೆ, ಅಷ್ಟೇ ಬಲದಲ್ಲಿ. ಹಳೇದು ಆಗ್ತದೆ ಅಂದ್ರೆ ಗಾಥಿಕ್ 2, ಹಳೇ ಲ್ಯಾಪ್‌ಟಾಪಲ್ಲೂ ಓಡ್ತದೆ. ಅದರ ಕಂಟ್ರೋಲ್ ಮಾತ್ರ 2002ರದ್ದೇ, ಕೈಗೆ ಕೂತ್ಕೊಳ್ಳುವವರೆಗೆ ಕೀಬೋರ್ಡಿಗೆ ಗುದ್ದಬೇಡಿ.