ಫ್ಯಾನಿನ ನಟ್ಟು ಎಷ್ಟು ಬಿಗಿಯಬೇಕು?

ಪ್ರಶ್ನೆ: ನಾವು ಕಾರವಾರದವರು, ವಾಸ್ಕೋದ ಖಾರಿವಾಡದಲ್ಲಿ ದೋಣಿ ಇಟ್ಟಿದ್ದೇವೆ. ಯಮಹಾ ಎಫ್40 ಔಟ್‌ಬೋರ್ಡ್ ಎಂಜಿನ್ನಿಗೆ ಹೊಸ ಫ್ಯಾನು (ಪ್ರೊಪೆಲ್ಲರ್) ಕೂರಿಸಬೇಕು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಬಿಗಿಯಿರಿ ಎನ್ನುತ್ತಾರೆ ಒಬ್ಬರು. ನಟ್ಟಿಗೆ ಅಡ್ಡ ಹಾಕುವ ಪಿನ್ನು ಇದೆಯಲ್ಲ, ಕೈಬಿಗಿ ಸಾಕು ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳೋಣ?

ಉತ್ತರ: ಎರಡೂ ಬೇಡ. ಎಫ್40ಕ್ಕೆ ಕಂಪನಿ ಹೇಳಿರುವ ಬಿಗಿ 35 ನ್ಯೂಟನ್ ಮೀಟರ್, ಅಂದರೆ ಸುಮಾರು 3.5 ಕೆಜಿ-ಮೀಟರ್. ದೊಡ್ಡ ಎಂಜಿನ್ನುಗಳಿಗೆ ಇದಕ್ಕಿಂತ ಹೆಚ್ಚು ಬಿಗಿ ಬೇಕು. ಬೇರೆ ಎಂಜಿನ್ನಿನ ಲೆಕ್ಕವನ್ನು ಇದಕ್ಕೆ ತರಬೇಡಿ, ಜೊತೆಗೆ ಬಂದ ಪುಸ್ತಕವನ್ನೇ ನೋಡಿ.

ಫ್ಯಾನನ್ನು ತಿರುಗಿಸುವುದು ಶಾಫ್ಟಿನ ಹಲ್ಲುಗಳು. ಅದು ದೋಣಿಯನ್ನು ಮುಂದಕ್ಕೆ ತಳ್ಳುವ ಒತ್ತಡ ಬೀಳುವುದು ಅದರ ಮುಂದಿನ ಥ್ರಸ್ಟ್ ವಾಷರಿನ ಮೇಲೆ. ನಟ್ಟಿನ ಕೆಲಸ ಫ್ಯಾನನ್ನು ಆ ವಾಷರಿಗೆ ಅಲುಗದಂತೆ ಒತ್ತಿ ಹಿಡಿಯುವುದು. ಸಡಿಲವಾಗಿದ್ದರೆ ಫಾರ್ವರ್ಡ್-ರಿವರ್ಸ್ ಮಾಡಿದಾಗಲೆಲ್ಲ ಫ್ಯಾನು ಹಿಂದೆಮುಂದೆ ಬಡಿದು ಹಲ್ಲು ಸವೆಯುತ್ತದೆ. ಪಿನ್ನು ನಟ್ಟು ಬಿಚ್ಚಿ ಬೀಳದಂತೆ ಕಾಯುತ್ತದೆಯೇ ಹೊರತು ಬಿಗಿ ಕೊಡುವುದಿಲ್ಲ. ಇನ್ನು ಪೈಪು ಹಾಕಿ ಎಳೆದರೆ ಥ್ರೆಡ್ ಹಾಳು, ಮುಂದಿನ ಸಲ ಬಿಚ್ಚುವುದೂ ಕಷ್ಟ.

ಕೆಲಸಕ್ಕೆ ಕೈ ಹಾಕುವ ಮೊದಲು ಗೇರು ನ್ಯೂಟ್ರಲಿಗೆ ತಂದು, ಕೀ ತೆಗೆದು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪುಗಳನ್ನು ಕಳಚಿಡಿ. ಇದನ್ನು ಬಿಟ್ಟು ಫ್ಯಾನು ಮುಟ್ಟಲೇಬೇಡಿ. ಹಳೆಯ ಫ್ಯಾನು ಕಳಚಿದ ಮೇಲೆ ಶಾಫ್ಟಿನ ಬುಡ ನೋಡಿ. ಬಲೆಯ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ. ಹಲ್ಲುಗಳನ್ನು ಒರೆಸಿ ಮರೈನ್ ಗ್ರೀಸ್ ಸವರಿ. ಥ್ರಸ್ಟ್ ವಾಷರ್ ಕೆಲವೊಮ್ಮೆ ಹಳೆಯ ಫ್ಯಾನಿಗೇ ಅಂಟಿಕೊಂಡು ಹೋಗುತ್ತದೆ, ಹುಡುಕಿ ತೆಗೆಯಿರಿ. ಅದರ ಇಳಿಜಾರಿನ ಮುಖ ಫ್ಯಾನಿನ ಕಡೆಗಲ್ಲ, ಗೇರ್ ಕೇಸಿನ ಕಡೆಗಿರಲಿ. ಬಳಿಕ ಫ್ಯಾನು, ಸ್ಪೇಸರ್, ವಾಷರ್, ನಟ್ಟು.

ಬಿಗಿಯುವಾಗ ಫ್ಯಾನು ತಿರುಗದಂತೆ ಒಂದು ಎಲೆಗೂ ಮೇಲಿನ ಪ್ಲೇಟಿಗೂ ನಡುವೆ ಮರದ ತುಂಡು ಇಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು: ನಟ್ಟಿನ ನಡುಮಧ್ಯದಿಂದ 25 ಸೆಂ.ಮೀ. ದೂರದಲ್ಲಿ ಸ್ಪ್ಯಾನರಿಗೆ ಕೊಕ್ಕೆ ಹಾಕಿ, ಸ್ಪ್ಯಾನರಿಗೆ ನೇರ ಅಡ್ಡವಾಗಿ ಎಳೆಯಿರಿ. ಮುಳ್ಳು 14 ಕೆಜಿ ತೋರಿಸಿದರೆ ಬಿಗಿ ಬಂತು. ನಟ್ಟಿನ ಸಂದು ಶಾಫ್ಟಿನ ತೂತಿಗೆ ಕೂಡದಿದ್ದರೆ ಮುಂದಿನ ಸಂದಿನವರೆಗೆ ಇನ್ನಷ್ಟು ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಪಿನ್ನು ಪ್ರತಿ ಸಲವೂ ಹೊಸದು, ಸ್ಟೇನ್‌ಲೆಸ್ಸಿನದು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಿದರೆ ಬಾಗಿದ ಕಡೆಯೇ ಮುರಿಯುತ್ತದೆ.

ಪ್ರಶ್ನೆ: ಗೋವಾದ ಬೆತೂಲಿನಲ್ಲಿ ನಮ್ಮ ಇನ್‌ಬೋರ್ಡ್ ಡೀಸೆಲ್ ಬೋಟಿದೆ. ಫ್ಯಾನಿಗೆ ಎರಡು ನಟ್ಟು, ಒಂದು ತೆಳು, ಒಂದು ದಪ್ಪ. ಮೊದಲು ಯಾವುದು?

ಉತ್ತರ: ತೆಳುವಾದದ್ದು ಮೊದಲು, ದಪ್ಪನೆಯದು ಅದರ ಹಿಂದೆ. ಎರಡನೆಯದನ್ನು ಬಿಗಿದಾಗ ಪೂರ್ತಿ ಭಾರ ಅದರ ಮೇಲೇ ಬೀಳುವುದರಿಂದ ಹೆಚ್ಚು ಥ್ರೆಡ್ ಇರುವುದು ಹೊರಗಿರಬೇಕು. ಆಮೇಲೆ ಪಿನ್ನು.

ಆದರೆ ನಿಮ್ಮ ಶಾಫ್ಟಿಗೆ ಹಲ್ಲಿಲ್ಲ, ಟೇಪರ್ (ತುದಿಯ ಕಡೆಗೆ ಸಪೂರವಾಗುವ ಇಳಿಜಾರು) ಇದೆ. ಅದು ಫ್ಯಾನಿನ ತೂತಿಗೆ ಸುತ್ತಲೂ ಕೂರದಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡದಲ್ಲಿದ್ದಾಗ ಹೀಗೆ ಪರೀಕ್ಷಿಸಿ: ಮೊದಲು ಕೀ (ಶಾಫ್ಟಿಗೂ ಫ್ಯಾನಿಗೂ ನಡುವೆ ಕೂರುವ ಲೋಹದ ತುಂಡು) ಹಾಕದೆ ಫ್ಯಾನನ್ನು ಟೇಪರಿಗೆ ಒತ್ತಿ ಕೂರಿಸಿ, ಅದರ ಮುಂಭಾಗದ ಅಂಚು ನಿಲ್ಲುವಲ್ಲಿ ಶಾಫ್ಟಿನ ಮೇಲೆ ಗೆರೆ ಎಳೆಯಿರಿ. ಈಗ ಕೀ ಹಾಕಿ ಮತ್ತೆ ಕೂರಿಸಿ. ಅಂಚು ಗೆರೆ ಮುಟ್ಟದಿದ್ದರೆ ಫ್ಯಾನು ಟೇಪರಿನ ಮೇಲಲ್ಲ, ಕೀಯ ಮೇಲೆ ಕೂತಿದೆ. ಕೀಯ ಮೇಲ್ಮುಖವನ್ನು ಅರದಿಂದ ಉಜ್ಜಿ ತಗ್ಗಿಸಿ. ಶಾಫ್ಟಿಗಾಗಲಿ ಫ್ಯಾನಿನ ತೂತಿಗಾಗಲಿ ಅರ ಹಾಕಬೇಡಿ.