ಧಾರವಾಡದಲ್ಲಿ ಹೈಸ್ಕೂಲ್: ಚಟುವಟಿಕೆ ಕಡ್ಡಾಯವೇ? ಖಾಲಿ ಪಿರಿಯಡ್‌ನಲ್ಲಿ ಹೊರಗೆ ಹೋಗಬಹುದೇ?

ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಚಟುವಟಿಕೆ ತಪ್ಪಿಸುವಂತಿಲ್ಲ, ಅದಕ್ಕೂ ಅಂಕವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರತಿ ವಿಷಯದ 100ರಲ್ಲಿ 20, ಪ್ರಥಮ ಭಾಷೆಯ 125ರಲ್ಲಿ 25 ಆಂತರಿಕ ಅಂಕ. ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ (ಪಾಠದ ಜೊತೆಜೊತೆಗೇ ಶಾಲೆಯಲ್ಲಿ ನಡೆಯುವ ಎಫ್‌ಎ) ಚಟುವಟಿಕೆ ಮತ್ತು ಕಿರು ಪರೀಕ್ಷೆಯಿಂದ ಇವು ಬರುತ್ತವೆ. ಬಹಳ ಮಕ್ಕಳು ಎಡವುವುದು ಇಲ್ಲೇ: ಪ್ರಾಜೆಕ್ಟ್ ವಹಿಯನ್ನು ಕೊನೆಗೆ ಒಂದೇ ರಾತ್ರಿ ತುಂಬಿಸುತ್ತಾರೆ, ತರಗತಿಯಲ್ಲಿ ಮಾಡಿ ತೋರಿಸಬೇಕಾದದ್ದು ಉಳಿದೇಬಿಡುತ್ತದೆ. ಕಬಡ್ಡಿ ಪಂದ್ಯಕ್ಕೋ ಪ್ರತಿಭಾ ಕಾರಂಜಿಗೋ ಹೋಗಿ ಕಿರು ಪರೀಕ್ಷೆ ತಪ್ಪಿದರೆ, ಮರಳಿದ ದಿನವೇ ವಿಷಯ ಶಿಕ್ಷಕರನ್ನು ಕಂಡು ಬೇರೆ ದಿನ ಕೇಳಿಕೊಳ್ಳಿ. ಅಂಕ ದಾಖಲಾದ ಮೇಲೆ ಕೇಳುವುದು ಕಷ್ಟ.

ಎನ್‌ಸಿಸಿ, ಸ್ಕೌಟ್ಸ್ ಐಚ್ಛಿಕ. ಎನ್‌ಸಿಸಿ ಸೇರಿದರೆ ಅರ್ಧಕ್ಕೆ ಬಿಡಬೇಡಿ. ಎನ್‌ಸಿಸಿಯ ಶಾಲಾ ಹಂತದ 'ಎ' ಸರ್ಟಿಫಿಕೇಟ್‌ಗೆ ಎರಡು ವರ್ಷದ ತರಬೇತಿ, ಒಂದು ಶಿಬಿರ ಬೇಕು.

ಖಾಲಿ ಪಿರಿಯಡ್ ಎಂದರೆ ರಜೆಯಲ್ಲ. ಶಿಕ್ಷಕರು ಬರದಿದ್ದರೆ ಮುಖ್ಯೋಪಾಧ್ಯಾಯರು ಬೇರೆಯವರನ್ನು ಕಳಿಸುತ್ತಾರೆ, ಇಲ್ಲವೇ ಗ್ರಂಥಾಲಯಕ್ಕೋ ಮೈದಾನಕ್ಕೋ ಬಿಡುತ್ತಾರೆ. ಗೇಟಿನಾಚೆ ಹೋಗಲು ಪಾಲಕರ ಚೀಟಿ ಮತ್ತು ತರಗತಿ ಶಿಕ್ಷಕರ ಒಪ್ಪಿಗೆ ಪಡೆಯಿರಿ. ಹಾಜರಿ ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಹಾಕುತ್ತಾರೆ, ಊಟದ ನಂತರ ಮನೆಗೆ ಹೋದರೆ ಅರ್ಧ ದಿನ ಹೋದಂತೆಯೇ. ಎಸ್ಸೆಸ್ಸೆಲ್ಸಿಗೆ ಕೂರಲು ಶೇ. 75 ಹಾಜರಿ ಬೇಕು. ಅಳ್ನಾವರ, ಕಲಘಟಗಿ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು ಕೊನೆಯ ಪಿರಿಯಡ್ ಬಿಟ್ಟು ಓಡುವುದುಂಟು. ಬಸ್ಸಿನ ವೇಳೆಯನ್ನು ಜೂನ್‌ನಲ್ಲೇ ಶಾಲೆಗೆ ಬರೆದುಕೊಡಿ. ಸಂಜೆಯ ವಿಶೇಷ ತರಗತಿಯ ಸಮಯ ಹೊಂದಿಸಲು ಅವರಿಗೂ ಅನುಕೂಲ.